ಕೊಪಣ ನಾಡಿನ ಪರಿಚಯ

ಕನ್ನಡದ ತಿರುಳ ನಾಡನ್ನು ಗುರುತಿಸುವಾಗ ‘ಕವಿರಾಜಮಾರ್ಗ’ವು ಹೆಸರಿಸಿದ ಸ್ಥಳಗಳಲ್ಲಿ ಕೊಪಣ ನಗರವೂ ಒಂದೆಂಬುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಆ ಕೊಪಣವೇ ಇಂದಿನ ಕೊಪ್ಪಳ. 1948ರಲ್ಲಿ ನಿಜಾಮರ ಆಳಿಕೆಯಿಂದ ಬಿಡುಗಡೆ ಹೊಂದಿ, 1956ರಲ್ಲಿ ಕನ್ನಡ ನಾಡನ್ನು ಕೂಡಿಕೊಂಡ ಈ ಸೀಮೆಯು ಬಹುಕಾಲ ರಾಯಚೂರು ಜಿಲ್ಲೆಯ ಅಂಗವಾಗಿದ್ದು, 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳಿದ್ದಲ್ಲಿ ಈಚೆಗೆ ಕುಕನೂರು, ಕನಕಗಿರಿ, ಕಾರಟಗಿಗಳೂ ತಾಲೂಕುಗಳಾಗಿವೆ.

ಯಾತ್ರಿಕರು ಮೊದಲು ಕೊಪ್ಪಳದ ಬೆಟ್ಟವನ್ನೇರಬೇಕು. ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಬ್ರಾಹ್ಮೀ ಶಾಸನಗಳಿವೆ. ಮುಂದೆ ಇದೇ ನೆಲವು ಜೈನರಿಗೆ ಮಹಾತೀರ್ಥವಾಯಿತು. ಅನಂತರ ಶ್ರೀ ಗವಿಸಿದ್ಧೇಶ್ವರರ ಸನ್ನಿಧಿಯಿಂದ ಶಿವಭಕ್ತರ ನೆಲೆಯಾಯಿತು. ಪುಷ್ಯಮಾಸದ ಜಾತ್ರೆಗೆ ಬಂದವರು ರಥವನ್ನು ಕಂಡಂತೆ ಬಂಡೆಯ ಅಕ್ಷರಗಳನ್ನೂ ಕಾಣಲಿ. ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಿಂದ ಬಣ್ಣದ ಗೊಂಬೆಗಳನ್ನು ರೂಪಿಸುತ್ತಾರೆ.

ಗಂಗಾವತಿಯ ಕಡೆಗೆ ಸಾಗಿದರೆ ತುಂಗಭದ್ರೆಯ ಉತ್ತರ ದಡದಲ್ಲಿ ಆನೆಗೊಂದಿ, ಪಂಪಾಸರೋವರ, ಅಂಜನಾದ್ರಿಗಳುಂಟು. ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಜನರು ‘ಮೋರ್ಯರ ಮನೆ’ ಎಂದು ಕರೆಯುವ ನೂರಾರು ಬೃಹತ್ ಶಿಲಾಸಮಾಧಿಗಳಿವೆ. ಕನಕಗಿರಿಯ ಕನಕಾಚಲಪತಿ ದೇವಾಲಯದ ಶಿಲ್ಪವನ್ನು ಕುರಿತು ‘ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬ ಗಾದೆಯೇ ಇದೆ. ಪಶ್ಚಿಮದ ಇಟಗಿಯಲ್ಲಿ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಗುಡಿಯನ್ನು ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದೆ. ಕುಕನೂರಿನ ನವಲಿಂಗ ದೇವಾಲಯವು ರಾಷ್ಟ್ರಕೂಟರ ಕಾಲದ್ದು. ಕುಷ್ಟಗಿ ತಾಲೂಕಿನ ದೋಟಿಹಾಳ, ಹನುಮಸಾಗರಗಳಲ್ಲಿ ಇಳಕಲ್ಲ ಸೀರೆಯ ಮಗ್ಗಗಳಿವೆ.

ಗುಡಿಗಳನ್ನಷ್ಟೇ ಕಂಡವನು ಈ ನಾಡನ್ನು ಅರ್ಧವೇ ಕಂಡಂತೆ. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ಕಣಜವಾಯಿತು. ಕುಷ್ಟಗಿ, ಯಲಬುರ್ಗಾಗಳ ಎರೆ ಮತ್ತು ಮಸಾರಿ ಹೊಲಗಳು ಮುಗಿಲನ್ನೇ ನೋಡುತ್ತ ಉಳಿದವು. ಮಳೆ ಕೈಕೊಟ್ಟ ವರ್ಷ ಅಲ್ಲಿಯ ಕುಟುಂಬಗಳು ಮಕ್ಕಳೊಡನೆ ಗುಳೆ ಹೋಗುತ್ತವೆ. ಶಾಲೆಯ ಹಾಜರಿ ಪುಸ್ತಕವೇ ಅದಕ್ಕೆ ಸಾಕ್ಷಿ. ನೀರುಂಡ ಸೀಮೆಗೂ ನಿಶ್ಚಿಂತೆಯಿಲ್ಲ: 2024ರ ಆಗಸ್ಟಿನಲ್ಲಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ರೈತರ ಎದೆ ನಡುಗಿತು.

ಮಠಗಳು ಅನ್ನವನ್ನೂ ಅಕ್ಷರವನ್ನೂ ಜತೆಗೂಡಿಸಿ ದಾಸೋಹ ನಡೆಸಿದುದರ ಮರ್ಮವು ಇಲ್ಲಿ ತಿಳಿಯುತ್ತದೆ. ದಾನಿಗಳು ಗುಳೆ ಹೋಗುವ ಮನೆಯ ಒಂದು ಮಗುವಿಗೆ ಪ್ರಸಾದನಿಲಯದಲ್ಲಿ ಆಸರೆ ಕಲ್ಪಿಸಲಿ. ಉಪಾಧ್ಯಾಯರು ವರ್ಷಕ್ಕೊಮ್ಮೆಯಾದರೂ ವಿದ್ಯಾರ್ಥಿಗಳನ್ನು ಈ ಕಲ್ಲುಗಳ ಬಳಿಗೆ ಕರೆದೊಯ್ಯಲಿ. ನಿಧಿಯಾಸೆಯಿಂದ ಕಿತ್ತ ಶಿಲೆ ಮರಳಿ ಮೊದಲಿನಂತೆ ನಿಲ್ಲದು. ಅದನ್ನು ಓದಬಲ್ಲ ಮಕ್ಕಳು ಊರಲ್ಲಿದ್ದರೆ ಮಾತ್ರ ಅದು ಉಳಿದೀತು.