ಹೆಪ್ಪುಗಟ್ಟುವ ನೀರು, ಸೀಳುವ ಕೊಳವೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಜನರಿಗೆ ನೀರಿನ ಚಿಂತೆಯೆಂದರೆ ನೀರು ಸಾಲದೆಂಬ ಚಿಂತೆ. ಅದು ಹೆಪ್ಪುಗಟ್ಟೀತೆಂಬ ಭಯ ಈ ಬಯಲುಸೀಮೆಗಿಲ್ಲ; ಇಲ್ಲಿ ಆಕಾಶದಿಂದ ಬೀಳುವ ಮಂಜುಗಡ್ಡೆಯೆಂದರೆ ಬೇಸಗೆಯ ಆಲಿಕಲ್ಲು ಮಾತ್ರ. ಆದರೆ ಮಲಗಲು, ಅಡಿಗೆ ಮಾಡಲು ಅನುಕೂಲವುಳ್ಳ ವ್ಯಾನುಗಳಲ್ಲಿ ಲಡಾಖಿನವರೆಗೂ ಹೋಗಿಬರುವವರು ಈಗ ನಮ್ಮ ನಡುವೆಯೂ ಇದ್ದಾರೆ. ಮಧುಗಿರಿಯ ಮಿತ್ರರೊಬ್ಬರು ಅಕ್ಟೋಬರ್ ತಿಂಗಳ ಕೊನೆಯಲ್ಲಿ ಸಂಸಾರಸಮೇತ ಹೀಗೆ ಹೋಗಿ, ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ರಾತ್ರಿ ತಂಗಿದರು. ಬೆಳಗ್ಗೆ ನಲ್ಲಿ ತಿರುಗಿಸಿದರೆ ತೊಟ್ಟು ನೀರೂ ಬರಲಿಲ್ಲ. ಬಿಸಿಲೇರಿದ ಮೇಲೆ ನೀರೇನೋ ಬಂದಿತು, ಆದರೆ ನಲ್ಲಿಯಿಂದಲ್ಲ, ಮಂಚದ ಕೆಳಗೆ ಸೀಳಿದ್ದ ಕೊಳವೆಯಿಂದ! ಹಾಸಿಗೆ, ಒಯ್ದಿದ್ದ ರಾಗಿಹಿಟ್ಟು ಎಲ್ಲವೂ ತೊಯ್ದುಹೋದುವು. ತೊಟ್ಟಿಯ ನೀರು ದ್ರವವಾಗಿಯೇ ಇದ್ದಿತಲ್ಲ, ಕೊಳವೆ ಮಾತ್ರ ಒಡೆದುದೇಕೆ ಎಂದು ಅವರು ನಮ್ಮನ್ನು ಕೇಳಿದರು.

ಸೊನ್ನೆ ಡಿಗ್ರಿ ಸೆಂಟಿಗ್ರೇಡಿಗೆ ಇಳಿದ ಮಾತ್ರಕ್ಕೆ ನೀರು ಗಡ್ಡೆಯಾಗದು. ಅದಕ್ಕಾಗಿ ಪ್ರತಿಯೊಂದು ಗ್ರಾಂ ನೀರೂ ಸುಮಾರು 80 ಕ್ಯಾಲೊರಿಗಳಷ್ಟು ಗುಪ್ತೋಷ್ಣವನ್ನು ಹೊರಗೆಡಹಬೇಕು. ತೊಟ್ಟಿಯಲ್ಲಿ ನೀರು ಹೆಚ್ಚು, ಅದರ ಪ್ರಮಾಣಕ್ಕೆ ಹೊರಮೈ ಕಡಿಮೆ; ಆದುದರಿಂದ ಅದು ಬೆಳಗಿನವರೆಗೂ ತಾಳಿಕೊಂಡೀತು. ಬೆರಳಿನಷ್ಟು ಗಾತ್ರದ ಕೊಳವೆಗೆ ಆ ಭಾಗ್ಯವಿಲ್ಲ.

ಇನ್ನು ಸೀಳಿದ ಬಗೆ. 100 ಲೀಟರು ನೀರು ಗಡ್ಡೆಯಾದಾಗ ಸುಮಾರು 109 ಲೀಟರು ಸ್ಥಳವನ್ನು ಬೇಡುತ್ತದೆ. ತೆರೆದ ಪಾತ್ರೆಯಲ್ಲಿ ಅದು ಮೇಲಕ್ಕೆ ಉಬ್ಬುತ್ತದೆ, ಅಷ್ಟೆ. ಕೊಳವೆಯಲ್ಲಾದರೋ ಒಂದೆಡೆ ಗಡ್ಡೆ ಬಿರಡೆಯಂತೆ ಕೂರುತ್ತದೆ, ಇನ್ನೊಂದೆಡೆ ಮುಚ್ಚಿದ ನಲ್ಲಿ. ಗಡ್ಡೆ ಬೆಳೆದಂತೆಲ್ಲ ನಡುವೆ ಸಿಕ್ಕಿದ ನೀರು ಒತ್ತಲ್ಪಡುತ್ತದೆ. ಆ ನೀರಿಗೆ ಕುಗ್ಗುವ ಗುಣ ಅತ್ಯಲ್ಪ. ಸೊನ್ನೆಗಿಂತ 5 ಡಿಗ್ರಿ ಕೆಳಗೆ ಈ ಒತ್ತಡವು ಸುಮಾರು 600 ವಾಯುಮಂಡಲಗಳವರೆಗೆ ಏರಬಲ್ಲದು. ಲಾರಿಯ ಟೈರಿನಲ್ಲಿರುವುದು ಸುಮಾರು 8 ಎಂಬುದನ್ನು ನೆನೆದರೆ ಕೊಳವೆಯ ಪಾಡು ತಿಳಿದೀತು. ಎಷ್ಟೋ ವೇಳೆ ಕೊಳವೆ ಒಡೆಯುವುದು ಗಡ್ಡೆಯಿರುವೆಡೆಯಲ್ಲಲ್ಲ, ನೀರು ಸಿಕ್ಕಿಕೊಂಡೆಡೆಯಲ್ಲಿ. ಗಡ್ಡೆಯೇ ತೊಟ್ಟಿಯ ನೀರನ್ನು ತಡೆದಿರುವುದರಿಂದ, ರಾತ್ರಿಯ ಸೀಳು ಹಗಲಿನಲ್ಲಿ ಗಡ್ಡೆ ಕರಗಿದ ಮೇಲೆಯೇ ಬಯಲಾಗುತ್ತದೆ.

ಕೊಳವೆಗೆ ಕಂಬಳಿ ಸುತ್ತಿದ್ದರೆ ಸಾಕಾಗುತ್ತಿತ್ತೆ ಎಂದೂ ಮಿತ್ರರು ಕೇಳಿದರು. ನಮ್ಮ ಕಡೆಯ ಕಂಬಳಿ ಒಳ್ಳೆಯದೇ, ಆದರೆ ಅದು ಶಾಖವನ್ನು ಹುಟ್ಟಿಸುವುದಿಲ್ಲ. ಮಂಜುಗಡ್ಡೆ ಕರಗದಿರಲೆಂದು ಗೋಣಿ ಸುತ್ತುವುದನ್ನು ವಾಚಕರು ಕಂಡಿರಬಹುದು. ಹೊದಿಕೆ ಶಾಖದ ಸಂಚಾರವನ್ನು ತಡಮಾಡುತ್ತದೆ, ಬೇರೇನನ್ನೂ ಮಾಡದು. ರಾತ್ರಿ ದೀರ್ಘವಾದರೆ ಆ ತಡವೂ ಸಾಲದು.

ಖಚಿತವಾದ ಉಪಾಯವೆಂದರೆ ನೀರನ್ನೇ ಬರಿದುಮಾಡುವುದು. ಸಂಜೆಯೇ ತೊಟ್ಟಿಯ ತಳದ ಬಿರಡೆಯನ್ನು ತೆಗೆದು, ನಲ್ಲಿಗಳನ್ನೆಲ್ಲ ತೆರೆದು, ಕೊಳವೆಯಲ್ಲುಳಿದ ನೀರು ಹೊರಬೀಳುವಂತೆ ಪಂಪನ್ನು ಕ್ಷಣಕಾಲ ಓಡಿಸಬೇಕು. ನೀರು ಕಾಯಿಸುವ ಹಂಡೆಯಿದ್ದರೆ ಮೊದಲು ಅದನ್ನು ಆರಿಸಿ, ತಣಿದ ಮೇಲೆ ಬರಿದುಮಾಡತಕ್ಕದ್ದು. ಬಳಿಕ ನಲ್ಲಿಗಳನ್ನು ಮುಚ್ಚದಿರುವುದೇ ಮುಖ್ಯ. ಅಲ್ಲಲ್ಲಿ ಉಳಿದ ಹನಿ ನೀರು ಹೆಪ್ಪುಗಟ್ಟಿದರೂ ಆಗ ಹಿಗ್ಗಲು ಎಡೆಯಿರುತ್ತದೆ.

ಎಂಜಿನಿನ ರೇಡಿಯೇಟರಿಗೆ ಹಾಕುವ ದ್ರವವನ್ನು ಕುಡಿಯುವ ನೀರಿನ ಕೊಳವೆಗೆ ಎಂದಿಗೂ ಹೊಯ್ಯಕೂಡದು. ಸಾಮಾನ್ಯವಾಗಿ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ನೀರಿನ ಕೊಳವೆಗಳಿಗೆಂದೇ ಮಾರುವ ಪ್ರೊಪಿಲೀನ್ ಗ್ಲೈಕಾಲ್ ದ್ರವ ಬೇರೆ. ಅದನ್ನು ಬಳಸಿದರೂ ಮತ್ತೆ ನೀರು ತುಂಬುವ ಮುನ್ನ ಕೊಳವೆಗಳನ್ನು ಚೆನ್ನಾಗಿ ತೊಳೆಯಬೇಕು.

ಬೆಳಗಿನ ಕಾಫಿಗೆ ಬೇಕಾದ ನೀರನ್ನು ಕ್ಯಾನಿನಲ್ಲಿ ಮುಕ್ಕಾಲು ಮಾತ್ರ ತುಂಬಿ, ಮಲಗುವ ಕಡೆಯೇ ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಳ್ಳಬಹುದು.