ಕಡಲ ದಾರಿಯಲ್ಲಿ ಸರಕು ಕೆಟ್ಟರೆ

ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಹಡಗೇರಿದ ಕಾಫಿಯು ಪರದೇಶದ ದಡ ಮುಟ್ಟಿದಾಗ ಕೆಲವು ಚೀಲಗಳು ಒದ್ದೆಯಾಗಿ ಕಲೆಗಟ್ಟಿವೆ ಎಂದು ಭಾವಿಸಿರಿ. ವಿಮೆಯಿದೆ, ಹಣ ಬಂದೇ ಬರುತ್ತದೆ ಎಂದು ವರ್ತಕನು ನಿಶ್ಚಿಂತನಾಗಿರಬಹುದೇ? ಇಲ್ಲ. ನಷ್ಟವಾಯಿತೆಂದರೆ ಸಾಲದು; ಅದು ಏತರಿಂದ ಆಯಿತೆಂಬುದು ತಿಳಿಯಬೇಕು.

ಇದನ್ನು ಗೊತ್ತುಮಾಡುವವನೇ ಸರ್ವೇಯರ್. ಹೊಲ ಅಳೆಯುವ ಸರ್ವೇಯರ್ ಬೇರೆ, ಈತ ಬೇರೆ. ಈತನು ಚೀಲಗಳನ್ನು ಎಣಿಸಿ, ತೂಕ ನೋಡಿ, ಕಂಟೇನರಿನಲ್ಲಿ ತೂತು ಬಿರುಕುಗಳಿವೆಯೇ ಎಂದು ಪರೀಕ್ಷಿಸುತ್ತಾನೆ. ಕಲೆಯ ಮೇಲೆ ಸಿಲ್ವರ್ ನೈಟ್ರೇಟಿನ ದ್ರಾವಣವನ್ನು ಹಾಕುತ್ತಾನೆ. ಅದು ಹಾಲಿನಂತೆ ಬೆಳ್ಳಗಾದರೆ ಉಪ್ಪಿನಂಶವಿದೆ. ಕಡಲ ನೀರು ಒಳಹೊಕ್ಕಿರಬಹುದು. ಹಾಗಾಗದಿದ್ದರೆ ಮಳೆಯ ನೀರೋ, ಕಂಟೇನರಿನೊಳಗೇ ಹನಿಗಟ್ಟಿದ ಆವಿಯೋ ಕಾರಣವಿರಬೇಕು.

ನಮ್ಮ 1963ರ ನೌಕಾವಿಮಾ ಕಾಯಿದೆಯಂತೆ, ಪಾಲಿಸಿಯಲ್ಲಿ ಬೇರೆ ಮಾತಿಲ್ಲದಿದ್ದರೆ, ಸರಕಿನ ಸಹಜದೋಷದಿಂದಲೋ ಇಲಿ ಹುಳುಗಳಿಂದಲೋ ಆದ ಕೇಡಿಗೆ ವಿಮಾ ಕಂಪನಿ ಹೊಣೆಯಲ್ಲ. ಸರಿಯಾಗಿ ಒಣಗಿಸದ ಕಾಫಿ ತಾನಾಗಿ ಬೂಷ್ಟು ಹಿಡಿದರೆ ಆ ದೋಷ ಕಡಲಿನದಲ್ಲ.

ಆದುದರಿಂದ ಸರಕಿನ ಒಡೆಯರು ಮೂರು ಮಾತುಗಳನ್ನು ನೆನಪಿಡಬೇಕು. ಕೇಡು ಕಂಡೊಡನೆ ರಸೀದಿಯಲ್ಲಿ ಅದನ್ನು ಬರೆದು ಕಂಪನಿಗೆ ತಿಳಿಸಬೇಕು. ಸರ್ವೇಯರ್ ನೋಡುವವರೆಗೆ ಕೆಟ್ಟ ಚೀಲಗಳನ್ನು ಎಸೆಯಬಾರದು. ಎಸೆದರೆ ಸಾಕ್ಷ್ಯವನ್ನೇ ಎಸೆದಂತೆ. ಒಳ್ಳೆಯ ಚೀಲಗಳನ್ನು ಬೇರ್ಪಡಿಸಿ ಕಾಪಾಡಬೇಕು. ವಿಮೆಯಿದೆಯೆಂದು ಕೈಕಟ್ಟಿ ಕೂರುವುದನ್ನು ಕಾಯಿದೆ ಒಪ್ಪದು. ಸಣ್ಣ ವರ್ತಕನೊಬ್ಬನ ಬಂಡವಾಳವೆಲ್ಲ ಒಂದೇ ಕಂಟೇನರಿನಲ್ಲಿರಬಹುದು. ಅವನಿಗೆ ಈ ಎಚ್ಚರವೇ ಅರ್ಧ ವಿಮೆ.