ದಯೆಯೂ ದಕ್ಷತೆಯೂ: ಕೆಲವು ತಪ್ಪು ಕಲ್ಪನೆಗಳು, ಅವುಗಳೆದುರಿನ ಸತ್ಯ

ನಾಲ್ಕು ಜನರ ಮೇಲೆ ಅಧಿಕಾರ ನಡೆಸಬೇಕಾದವರು, ಅವರು ಕಚೇರಿಯ ಮುಖ್ಯಸ್ಥರಾಗಿರಲಿ, ಕಾರ್ಖಾನೆಯ ಸೂಪರ್‌ವೈಸರ್ ಆಗಿರಲಿ, ಶಾಲೆಯ ಮುಖ್ಯೋಪಾಧ್ಯಾಯರಾಗಿರಲಿ, ತಮ್ಮ ಅನುಭವದ ಸಾರವೆಂಬಂತೆ ಹೊಸಬರಿಗೆ ಹೇಳಿಕೊಡುವ ಮಾತೊಂದುಂಟು: ಸಲಿಗೆ ಕೊಟ್ಟರೆ ಜನ ತಲೆಯ ಮೇಲೆ ಕೂರುತ್ತಾರೆ. ದಯೆ, ಅನುಕಂಪ, ಪರರ ಕಷ್ಟಸುಖದ ವಿಚಾರಣೆ ಇವೆಲ್ಲವೂ ಗೃಹಕೃತ್ಯಕ್ಕೆ ಸಲ್ಲುವ ಗುಣಗಳೆಂದೂ, ದುಡಿಮೆಯ ಸ್ಥಳದಲ್ಲಿ ಅವುಗಳಿಗೆ ಎಡೆಗೊಟ್ಟರೆ ಶಿಸ್ತು ಸಡಿಲಗೊಂಡು, ಕೆಲಸ ಕೆಟ್ಟು, ಕಟ್ಟಕಡೆಗೆ ನಷ್ಟವೇ ಗತಿಯೆಂದೂ ಈ ಮಾತಿನ ತಾತ್ಪರ್ಯ. ಹೀಗೆ ನಂಬಿದವರೆಲ್ಲರೂ ಕಠಿಣಹೃದಯರೇನಲ್ಲ. ಅವರಲ್ಲಿ ಬಹುಮಂದಿ ತಾವೂ ಗದರಿಕೆಯ ನೆರಳಿನಲ್ಲಿಯೇ ಕೆಲಸ ಕಲಿತವರಾದುದರಿಂದ, ಗದರಿಕೆಯಿಂದಲೇ ತಾವು ಕಲಿತೆವೆಂದು ಪ್ರಾಮಾಣಿಕವಾಗಿ ಎಣಿಸಿರುತ್ತಾರೆ. ಆದರೆ ಪರಿಶೀಲಿಸಿ ನೋಡಿದವರಿಗೆ ದೊರೆತ ಸಾಕ್ಷ್ಯವು ಈ ನಂಬಿಕೆಗೆ ವಿರುದ್ಧವಾಗಿದೆ.

ಕಠಿಣನಾದ ಅಧಿಕಾರಿಯ ಕೈಕೆಳಗೆ ತಪ್ಪುಗಳು ಕಡಿಮೆ, ಮೃದುವಾದವನ ಕೈಕೆಳಗೆ ಹೆಚ್ಚು ಎಂಬ ಕಲ್ಪನೆಯನ್ನೇ ಮೊದಲು ತೆಗೆದುಕೊಳ್ಳೋಣ. 1990ರ ದಶಕದಲ್ಲಿ, ಮುಂದೆ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕಿಯಾದ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ, ಅಮೆರಿಕದ ಎರಡು ಆಸ್ಪತ್ರೆಗಳಲ್ಲಿ ದಾದಿಯರ ಎಂಟು ತಂಡಗಳನ್ನು ಅಭ್ಯಾಸಕ್ಕೆ ತೆಗೆದುಕೊಂಡರು. ಪರಸ್ಪರ ಸೌಹಾರ್ದವೂ ಒಳ್ಳೆಯ ನಾಯಕತ್ವವೂ ಇರುವ ತಂಡಗಳಲ್ಲಿ ಔಷಧ ಕೊಡುವುದರ ತಪ್ಪುಗಳು ಕಡಿಮೆಯಿರುವುವೆಂಬುದು ಅವರ ಊಹೆ. ಅಂಕಿಗಳು ಕೈಗೆ ಬಂದಾಗ ಕಂಡುದು ತದ್ವಿರುದ್ಧವಾದ ಸಂಗತಿ: ಉತ್ತಮವೆನಿಸಿದ ತಂಡಗಳಲ್ಲಿಯೇ ತಪ್ಪುಗಳು ಹೆಚ್ಚಾಗಿ ದಾಖಲಾಗಿದ್ದವು. ಇಷ್ಟಕ್ಕೇ ನಿಂತಿದ್ದರೆ, ಸಲಿಗೆಯ ಫಲ ಇದೇ ಎಂದು ನಮ್ಮ ಸೂಪರ್‌ವೈಸರು ತೀರ್ಪಿತ್ತುಬಿಡುತ್ತಿದ್ದರು. ಎಡ್ಮಂಡ್‌ಸನ್ ಅಲ್ಲಿಗೆ ನಿಲ್ಲದೆ, ಈ ಅಂಕಿಗಳ ಅರಿವೇ ಇಲ್ಲದ ಸಹಾಯಕರೊಬ್ಬರನ್ನು ವಾರ್ಡುಗಳಿಗೆ ಕಳುಹಿಸಿ, ಅಲ್ಲಿಯ ವಾತಾವರಣ ಎಂತಹುದೆಂದು ನೋಡಿಸಿದರು. ಆಗ ನಿಜಸ್ಥಿತಿ ಬಯಲಾಯಿತು. ಕೆಲವು ವಾರ್ಡುಗಳಲ್ಲಿ ದಾದಿಯರು ತಪ್ಪಾದೊಡನೆ ಅದನ್ನು ಬಾಯಿಬಿಟ್ಟು ಹೇಳಿ, ಮುಂದೆ ಹಾಗಾಗದಂತೆ ಏನು ಮಾಡಬೇಕೆಂದು ತಮ್ಮೊಳಗೆ ಚರ್ಚಿಸುತ್ತಿದ್ದರು. ಕೆಲವು ವಾರ್ಡುಗಳಲ್ಲಿ, ಹೇಳಿದರೆ ಬೈಗುಳವೂ ಅವಮಾನವೂ ತಪ್ಪದೆಂದು ಮುಚ್ಚಿಡುತ್ತಿದ್ದರು. ತಪ್ಪುಗಳು ಎಲ್ಲೆಡೆಯೂ ಆಗುತ್ತಿದ್ದವು. ಭಯವಿದ್ದೆಡೆ ಅವು ಹೊರಬೀಳುತ್ತಿರಲಿಲ್ಲ, ಅಷ್ಟೆ. 1996ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಓದಿದ ಮೇಲೆ, ತನ್ನ ವಿಭಾಗದಲ್ಲಿ ತಪ್ಪುಗಳೇ ಇಲ್ಲವೆಂದು ಹೆಮ್ಮೆಪಡುವ ಅಧಿಕಾರಿಯು ಒಮ್ಮೆ ನಿಂತು ಯೋಚಿಸತಕ್ಕದ್ದು. ಹೊರಬೀಳದ ತಪ್ಪಿನ ಫಲವನ್ನು ಉಣ್ಣುವವನು ಹಾಸಿಗೆಯ ಮೇಲೆ ಮಲಗಿರುವ ರೋಗಿ.

ಇದಕ್ಕಿಂತಲೂ ಮನಮುಟ್ಟುವ ಪರೀಕ್ಷೆಯೊಂದು ಇಸ್ರೇಲಿನಲ್ಲಿ ನಡೆಯಿತು. ಅದರ ವರದಿ 2015ರಲ್ಲಿ ಹೊರಬಂದಿತು. ನವಜಾತ ಶಿಶುಗಳ ತೀವ್ರನಿಗಾ ಘಟಕಗಳಲ್ಲಿ ದುಡಿಯುವ ವೈದ್ಯರೂ ದಾದಿಯರೂ ಇದ್ದ 24 ತಂಡಗಳಿಗೆ ಒಂದು ತರಬೇತಿಯ ಅಭ್ಯಾಸವನ್ನು ಏರ್ಪಡಿಸಿದ್ದರು. ಮುಂದೆ ಮಲಗಿಸಿದ್ದುದು ಶಿಶುವಿನ ಪ್ರತಿಕೃತಿ. ಅವಧಿಗೆ ಮುನ್ನ ಹುಟ್ಟಿದ ಮಗುವೊಂದರ ಕರುಳಿಗೆ ರೋಗ ತಗಲಿ, ಸ್ಥಿತಿ ಥಟ್ಟನೆ ಬಿಗಡಾಯಿಸುವ ಸಂದರ್ಭವನ್ನು ಅದರ ಮೂಲಕ ಕಲ್ಪಿಸಿದ್ದರು. ವಿದೇಶದಿಂದ ಬಂದ ತಜ್ಞರೊಬ್ಬರು ಇದನ್ನು ವೀಕ್ಷಿಸುತ್ತಿದ್ದಾರೆಂದು ತಂಡಗಳಿಗೆ ತಿಳಿಸಲಾಗಿತ್ತು. ಕೆಲವು ತಂಡಗಳಿಗೆ ಆ ತಜ್ಞರು ಸಾಧಾರಣವಾದ ಮಾತುಗಳನ್ನಾಡಿದರು. ಉಳಿದವಕ್ಕೆ, ಈ ದೇಶದ ವೈದ್ಯಕೀಯದ ಗುಣಮಟ್ಟ ತಮಗೆ ಅಷ್ಟೇನೂ ಮೆಚ್ಚುಗೆಯಾಗಲಿಲ್ಲವೆಂಬ ಅರ್ಥದ ಒರಟು ಮಾತುಗಳನ್ನಾಡಿದರು. ಆ ಮಾತು ಎದುರಿಗಿದ್ದವರ ಕೆಲಸವನ್ನು ಕುರಿತುದಲ್ಲ. ಅದರಲ್ಲಿ ಬೈಗುಳವಿರಲಿಲ್ಲ, ಕೂಗಾಟವಿರಲಿಲ್ಲ. ಆದರೂ ಒರಟು ಮಾತು ಕೇಳಿದ ತಂಡಗಳು ರೋಗನಿರ್ಣಯದಲ್ಲಿಯೂ ಚಿಕಿತ್ಸೆಯ ಕ್ರಮದಲ್ಲಿಯೂ ಹಿಂದೆ ಬಿದ್ದವು. ಯಾವ ತಂಡಕ್ಕೆ ಯಾವ ಮಾತು ಬಿದ್ದಿತೆಂದು ತಿಳಿಯದ ಪರೀಕ್ಷಕರೇ ಅಂಕ ಕೊಟ್ಟವರಾದುದರಿಂದ ಪಕ್ಷಪಾತಕ್ಕೂ ಆಸ್ಪದವಿರಲಿಲ್ಲ. ಇದರ ಕಾರಣವನ್ನು ಹುಡುಕಿದಾಗ ಎರಡು ಅಂಶಗಳು ಎದ್ದು ಕಂಡವು: ಅವರು ತಮಗೆ ತಿಳಿದುದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಕಡಿಮೆಯಾಗಿತ್ತು, ತಿಳಿಯದಿದ್ದಾಗ ನೆರವನ್ನು ಕೇಳುವುದೂ ಕಡಿಮೆಯಾಗಿತ್ತು. ಕೈಯ ಚಳಕವಾಗಲಿ ಓದಿದ ವಿದ್ಯೆಯಾಗಲಿ ಆ ಅರೆಗಳಿಗೆಯಲ್ಲಿ ಎಲ್ಲಿಗೂ ಹೋಗಿರಲಿಲ್ಲ; ಹಲವರ ವಿದ್ಯೆಯು ಒಂದಾಗಿ ಹರಿಯುತ್ತಿದ್ದ ದಾರಿಗೆ ಒಂದು ಮಾತು ಅಡ್ಡ ಬಂದಿತ್ತು. ದಯೆಯೆಂಬುದು ದಕ್ಷತೆಗೆ ಶತ್ರುವೆಂದು ವಾದಿಸುವವರು ಉತ್ತರ ಕೊಡಬೇಕಾದುದು ಈ ಪರೀಕ್ಷೆಗೆ.

ಹಾಗೆಂದು, ಎಲ್ಲವನ್ನೂ ಕಂಡೂ ಕಾಣದಂತಿರುವುದೇ ದಯೆಯೆಂದು ತಿಳಿಯುವುದು ಇನ್ನೊಂದು ಬಗೆಯ ತಪ್ಪು. ನಮ್ಮ ಕಚೇರಿಗಳಲ್ಲಿ ಇದೂ ಧಾರಾಳವಾಗಿದೆ. ಸಹೋದ್ಯೋಗಿಯೊಬ್ಬನು ತಿಂಗಳುಗಟ್ಟಲೆ ಅರ್ಜಿಗಳನ್ನು ಕಡತದಲ್ಲಿಟ್ಟು ಕೊಳೆಸುತ್ತಿದ್ದರೂ, ಪಾಪ, ಏಕೆ ಅವನ ಮನಸ್ಸು ನೋಯಿಸುವುದು ಎಂದು ಸುಮ್ಮನಿರುವವರು ತಮ್ಮನ್ನು ಕರುಣಾಳುಗಳೆಂದು ಭಾವಿಸಿಕೊಳ್ಳಬಹುದು. ವೃದ್ಧಾಪ್ಯ ವೇತನಕ್ಕಾಗಿ ಕಿಟಕಿಯ ಹೊರಗೆ ನಿಂತಿರುವ ಮುದುಕಿಯ ಮೇಲೆ ಅವರಿಗೆ ಕರುಣೆಯಿಲ್ಲವೆಂಬುದು ಅವರ ಗಮನಕ್ಕೆ ಬಾರದು. ತಪ್ಪನ್ನು ತಪ್ಪೆಂದು ಏಕಾಂತದಲ್ಲಿ ಸ್ಪಷ್ಟವಾಗಿ ಹೇಳಿ, ತಿದ್ದಿಕೊಳ್ಳಲು ಬೇಕಾದ ಕಾಲವನ್ನೂ ಸಹಾಯವನ್ನೂ ಒದಗಿಸುವುದು, ಸುಮ್ಮನಿರುವುದಕ್ಕಿಂತ ಹೆಚ್ಚು ಶ್ರಮದ ಕೆಲಸ. ದಯೆಯೆಂಬ ಹೆಸರಿಗೆ ಅದೇ ಅರ್ಹ.

ಸೌಜನ್ಯವೆಲ್ಲ ಸರಿ, ಆದರೆ ವ್ಯಾಪಾರಕ್ಕೆ ಅದು ಗಿಟ್ಟದು ಎಂಬುದು ಮತ್ತೊಂದು ಕಲ್ಪನೆ. ಇದಕ್ಕೆ ಉತ್ತರವು ಇನ್ನೂರು ವರ್ಷಗಳಿಗೂ ಹಿಂದೆಯೇ ದೊರೆತಿದೆ. 1800ರಲ್ಲಿ ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಎಂಬ ಗ್ರಾಮದ ಹತ್ತಿ ಗಿರಣಿಗಳ ಆಡಳಿತವನ್ನು ವಹಿಸಿಕೊಂಡ ರಾಬರ್ಟ್ ಓವೆನ್, ಹತ್ತು ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದನು. ಕೂಲಿಕಾರರ ಮನೆಗಳನ್ನು ಸುಧಾರಿಸಿದನು. 1816ರಲ್ಲಿ ಅವರ ಮಕ್ಕಳಿಗೆ, ಎಳೆಯ ಕೂಸುಗಳನ್ನೂ ಒಳಗೊಂಡಂತೆ, ಶಾಲೆಯನ್ನು ತೆರೆದನು. ಅಮೆರಿಕವು ಹತ್ತಿಯ ರಫ್ತನ್ನು ತಡೆಹಿಡಿದು ಗಿರಣಿಗಳು ಸುಮಾರು ನಾಲ್ಕು ತಿಂಗಳು ನಿಂತುಹೋದಾಗ, ಯಂತ್ರಗಳನ್ನು ಒರಸಿಡುವುದಲ್ಲದೆ ಬೇರೆ ಕೆಲಸವಿಲ್ಲದಿದ್ದರೂ ಎಲ್ಲರಿಗೂ ಪೂರ್ಣ ಕೂಲಿಯನ್ನು ಕೊಟ್ಟನು. ಗಿರಣಿ ಮುಳುಗಲಿಲ್ಲ, ಒಳ್ಳೆಯ ಲಾಭವನ್ನೇ ತಂದಿತು. ಓವೆನ್ ಶಿಸ್ತನ್ನು ಬಿಟ್ಟುಕೊಟ್ಟವನೂ ಅಲ್ಲ. ಪ್ರತಿಯೊಬ್ಬ ಕೆಲಸಗಾರನ ಬಳಿಯೂ ನಾಲ್ಕು ಮುಖಗಳ ಒಂದು ಮರದ ತುಂಡನ್ನು ತೂಗುಹಾಕಿಸಿದ್ದನು. ಒಂದೊಂದು ಮುಖಕ್ಕೆ ಒಂದೊಂದು ಬಣ್ಣ. ಹಿಂದಿನ ದಿನದ ನಡತೆ ಕೆಟ್ಟದಾಗಿದ್ದರೆ ಕಪ್ಪು, ಸಾಧಾರಣವಾಗಿದ್ದರೆ ನೀಲಿ, ಚೆನ್ನಾಗಿದ್ದರೆ ಹಳದಿ, ಅತ್ಯುತ್ತಮವಾಗಿದ್ದರೆ ಬಿಳಿ ಮುಂದಕ್ಕೆ ತಿರುಗಿರುತ್ತಿತ್ತು. ಮೇಲ್ವಿಚಾರಕನು ಅನ್ಯಾಯವಾಗಿ ಬಣ್ಣ ಬದಲಿಸಿದನೆಂದು ತೋರಿದರೆ ಕೆಲಸಗಾರನು ಓವೆನ್‌ನಲ್ಲಿಗೇ ಬಂದು ದೂರು ಹೇಳಬಹುದಿತ್ತು. ಎಲ್ಲರ ಕಣ್ಣೆದುರಿಗೆ ಮನುಷ್ಯನ ನಡತೆಯನ್ನು ತೂಗುಹಾಕುವ ಈ ಕ್ರಮವನ್ನು ನಾನು ಮೆಚ್ಚಲಾರೆ. ಆದರೆ ಚಾಟಿಯೂ ಬೈಗುಳವೂ ಸರ್ವಸಾಧಾರಣವಾಗಿದ್ದ ಕಾಲದಲ್ಲಿ, ಅವಿಲ್ಲದೆಯೇ ಗಿರಣಿಯನ್ನು ನಡೆಸಬಹುದೆಂದು ಅದು ತೋರಿಸಿಕೊಟ್ಟಿತು. ನಮ್ಮ ದೇಶದಲ್ಲಿಯೂ ಜಮ್‌ಷೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆಯು 1912ರಷ್ಟು ಹಿಂದೆಯೇ ದಿನಕ್ಕೆ ಎಂಟು ಗಂಟೆಗಳ ದುಡಿಮೆಯನ್ನು ಜಾರಿಗೆ ತಂದಿತ್ತು.

ಇನ್ನೂ ಹತ್ತಿರದ ನಿದರ್ಶನ ಬೇಕೆಂದರೆ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳನ್ನು ನೋಡಬೇಕು. ಬೆಳಗ್ಗೆ ಬುತ್ತಿಯ ಚೀಲ ಹಿಡಿದು ಗೇಟಿನೊಳಗೆ ಹೋಗುವ ಸಾವಿರಾರು ಹೆಣ್ಣುಮಕ್ಕಳಿಗೆ ಗಂಟೆಗಂಟೆಯ ಟಾರ್ಗೆಟ್ಟೂ, ಅದು ತಪ್ಪಿದಾಗ ಲೈನಿನ ಉದ್ದಕ್ಕೂ ಕೇಳಿಸುವ ಕೂಗೂ ಚಿರಪರಿಚಿತ. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಷಾಧಮ್ ಎಂಬ ಅರ್ಥಶಾಸ್ತ್ರಜ್ಞರು ಇಂತಹ ಕಾರ್ಖಾನೆಗಳಲ್ಲಿ ಚೀಟಿ ಎತ್ತಿದಂತೆ ಕೆಲವರನ್ನು ಆರಿಸಿ, ಮಾತುಕತೆ, ಕಾಲದ ನಿರ್ವಹಣೆ, ಸಮಸ್ಯೆಗಳ ಪರಿಹಾರ ಮುಂತಾದ ಬದುಕಿನ ಕೌಶಲಗಳ ತರಬೇತಿ ಪಡೆದವರಿಗೂ ಪಡೆಯದವರಿಗೂ ಏನು ವ್ಯತ್ಯಾಸವೆಂದು ಪರಿಶೀಲಿಸಿದರು. ತರಬೇತಿ ಪಡೆದವರ ಉತ್ಪಾದನೆ ಗಮನಾರ್ಹವಾಗಿ ಹೆಚ್ಚಿತು. ಹೂಡಿದ ಹಣದ ಹಲವು ಪಾಲು ಕಾರ್ಖಾನೆಗೆ ಮರಳಿ ಬಂದಿತು. ಇವರಲ್ಲಿ ಇಬ್ಬರು ಪಾಲ್ಗೊಂಡ ಮತ್ತೊಂದು ಪ್ರಯೋಗದಲ್ಲಿ, ನಿರೀಕ್ಷಿಸಿದಷ್ಟು ಕೂಲಿ ಏರಿಕೆಯಾಗದೆ ನಿರಾಶರಾದ ಕೆಲಸಗಾರರಲ್ಲಿ ಕೆಲವರಿಗೆ, ಹೆಸರು ಹೇಳದೆ ತಮ್ಮ ಅಭಿಪ್ರಾಯವನ್ನು ತಿಳಿಸುವ ಅವಕಾಶವನ್ನು ಮಾತ್ರ ಕೊಡಲಾಯಿತು. ಕೂಲಿ ಹೆಚ್ಚಿಸಲಿಲ್ಲ, ಕೇಳಿದರು, ಅಷ್ಟೆ. ಅವರಲ್ಲಿ ಕೆಲಸ ಬಿಟ್ಟು ಹೋಗುವವರ ಪ್ರಮಾಣ ಉಳಿದವರಿಗಿಂತ ಸುಮಾರು ಶೇಕಡಾ 20ರಷ್ಟು ಕಡಿಮೆಯಾಯಿತು. ಆದರೆ ಮೊದಲನೆಯ ಪ್ರಯೋಗದ ಇನ್ನೊಂದು ಸಂಗತಿಯನ್ನೂ ಇಲ್ಲಿ ಮುಚ್ಚಿಡಬಾರದು: ಉತ್ಪಾದನೆ ಏರಿದಷ್ಟು ಆ ಹೆಣ್ಣುಮಕ್ಕಳ ಸಂಬಳ ಏರಲಿಲ್ಲ; ಅದು ಹೆಚ್ಚಿದುದು ಅತ್ಯಲ್ಪ. ದಯೆಯಿಂದ ಲಾಭವುಂಟೆಂಬುದು ಸತ್ಯ. ಆ ಲಾಭವು ದುಡಿದವರಿಗೂ ಮುಟ್ಟಬೇಕೆಂಬುದು ನ್ಯಾಯ. ಒಂದನ್ನು ಕೊಟ್ಟು ಇನ್ನೊಂದನ್ನು ತಡೆಹಿಡಿಯುವ ಮಾಲೀಕನು ಅರ್ಧ ಕರ್ತವ್ಯವನ್ನಷ್ಟೇ ಮಾಡಿದವನು.

ಬಲಿಷ್ಠನೇ ಉಳಿಯುವನು, ಅದೇ ಪ್ರಕೃತಿನಿಯಮ ಎಂದು ಡಾರ್ವಿನ್ನನ ಹೆಸರನ್ನು ಮುಂದಿಟ್ಟು ವಾದಿಸುವವರ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಆ ಪ್ರಸಿದ್ಧ ಪದಪುಂಜವನ್ನು 1864ರಲ್ಲಿ ಬಳಕೆಗೆ ತಂದವನು ಹರ್ಬರ್ಟ್ ಸ್ಪೆನ್ಸರ್. ಡಾರ್ವಿನ್ ಅದನ್ನು ಅನಂತರ ಎತ್ತಿಕೊಂಡನಾದರೂ, ಸಹಾನುಭೂತಿಯುಳ್ಳ ಸದಸ್ಯರು ಅಧಿಕವಾಗಿರುವ ಸಮುದಾಯವೇ ಚೆನ್ನಾಗಿ ಏಳಿಗೆ ಹೊಂದುವುದೆಂದು 1871ರ ತನ್ನ ಗ್ರಂಥದಲ್ಲಿ ಬರೆದವನೂ ಅವನೇ.

ಇನ್ನು, ಪರೋಪಕಾರವು ಹುಟ್ಟುಗುಣ, ಇದ್ದವರಲ್ಲಿ ಇರುತ್ತದೆ, ಇಲ್ಲದವರಲ್ಲಿ ಇಲ್ಲ, ವ್ಯವಸ್ಥೆಯಿಂದ ಅದು ಬೆಳೆಯದು ಎಂಬ ಕಲ್ಪನೆ. ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರು ಇದನ್ನು ಒಪ್ಪಲಾರರು. ಇಂದು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯವರು, ನಾಳೆ ನಮ್ಮ ಗದ್ದೆಗೆ ನಿಮ್ಮವರು. ಕೂಲಿಯ ಮಾತಿಲ್ಲ, ಲೆಕ್ಕವೆಲ್ಲ ನೆನಪಿನಲ್ಲಿ. ಇದರಲ್ಲಿ ಪಾಲುಗೊಂಡವರೆಲ್ಲ ಜನ್ಮತಃ ಉದಾರಿಗಳಾಗಿದ್ದರೇ? ಇಲ್ಲ, ಉದಾರರಲ್ಲದವರೂ ಉದಾರವಾಗಿ ನಡೆದುಕೊಳ್ಳುವಂತೆ ಪದ್ಧತಿಯು ಮಾಡುತ್ತಿತ್ತು. ಅದೇ ಪದ್ಧತಿಯಲ್ಲಿ ಭೂಮಿಯಿಲ್ಲದವನಿಗೆ ಸ್ಥಾನವಿರಲಿಲ್ಲವೆಂಬುದನ್ನೂ ನೆನೆಯಬೇಕು: ಅವನು ದುಡಿದುದಕ್ಕೆ ಪ್ರತಿಯಾಗಿ ಬಂದು ದುಡಿಯಲು ಅವನಿಗೆ ಗದ್ದೆಯೇ ಇಲ್ಲ. ಆದುದರಿಂದ ರೂಢಿಯ ಮಮತೆ ತಲಪದ ಕಡೆಗೆ ಸಂಸ್ಥೆಯೂ ಕಾನೂನೂ ತಲಪಬೇಕು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಕಟ್ಟಿದ ಕೃಷಿ ಸಹಕಾರ ಸಂಘವು, ದೇಶದ ಮೊತ್ತಮೊದಲನೆಯದೆಂದು ಗಣ್ಯವಾದುದು, ಸಾಲಕ್ಕಾಗಿ ಲೇವಾದೇವಿಗಾರನ ಮನೆಬಾಗಿಲಿಗೆ ಹೋಗಬೇಕಾಗಿದ್ದ ರೈತನಿಗೆ ಬೇರೊಂದು ಬಾಗಿಲನ್ನು ತೆರೆಯಿತು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯಿದೆಯು ವೇತನಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತಲ್ಲದೆ, 50 ಅಥವಾ ಅದಕ್ಕೆ ಮೇಲ್ಪಟ್ಟು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವಿರಬೇಕೆಂದೂ, ತಾಯಿಯು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದೆಂದೂ ವಿಧಿಸಿತು. ಮಗುವನ್ನು ನೋಡಿಬರಲು ಯಾರ ಮುಖವನ್ನೂ ನೋಡಿ ಬೇಡಬೇಕಾಗಿಲ್ಲವೆಂದಾಗ, ಆ ತಾಯಿಗೆ ದೊರೆತುದು ಒಬ್ಬ ಒಳ್ಳೆಯ ಸೂಪರ್‌ವೈಸರನ ಕೃಪೆಗಿಂತ ಮಿಗಿಲಾದುದು.

ಕೊನೆಯದಾಗಿ, ಪಟ್ಟಣದಲ್ಲಿ ಯಾರಿಗೂ ಯಾರೂ ಆಗುವುದಿಲ್ಲ ಎಂಬ ಮಾತು. ಈ ನಂಬಿಕೆಗೆ ಲೋಕಪ್ರಸಿದ್ಧಿಯನ್ನು ತಂದುಕೊಟ್ಟುದು 1964ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಕಿಟ್ಟಿ ಜೆನೊವೀಸ್ ಎಂಬ ತರುಣಿಯ ಕೊಲೆ. ಮೂವತ್ತೇಳು-ಮೂವತ್ತೆಂಟು ಜನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರೂ ಒಬ್ಬರೂ ಮಿಸುಕಲಿಲ್ಲವೆಂದು ಅಲ್ಲಿಯ ಪತ್ರಿಕೆಯೊಂದು ಬರೆಯಿತು. ಪಠ್ಯಪುಸ್ತಕಗಳು ಅದನ್ನೇ ಹೇಳಿದವು. ವಾಸ್ತವವಾಗಿ ಅವರಲ್ಲಿ ಬಹುಮಂದಿಗೆ ನಡೆಯುತ್ತಿದ್ದುದು ಕಂಡಿರಲೇ ಇಲ್ಲ. ಒಬ್ಬನು ಕಿಟಕಿಯಿಂದ ಕೂಗಿ ಹಂತಕನನ್ನು ಒಮ್ಮೆ ಓಡಿಸಿದ್ದನು. ನೆರೆಮನೆಯ ಮಹಿಳೆಯೊಬ್ಬಳು, ಕೊಲೆಗಾರನು ಅಲ್ಲಿಯೇ ಇರಬಹುದೆಂಬುದನ್ನೂ ಲೆಕ್ಕಿಸದೆ ಮೆಟ್ಟಿಲಿಳಿದು ಬಂದು, ಸಾಯುತ್ತಿದ್ದ ಗೆಳತಿಯನ್ನು ತೋಳುಗಳಲ್ಲಿ ಹಿಡಿದುಕೊಂಡಿದ್ದಳು. 2016ರಲ್ಲಿ ಆ ಪತ್ರಿಕೆಯೇ ತನ್ನ ವರದಿಯು ದೋಷಪೂರ್ಣವೆಂದು ಒಪ್ಪಿಕೊಂಡಿತು. ಗುಂಪಿನಲ್ಲಿರುವಾಗ ಒಬ್ಬೊಬ್ಬನೂ ಹಿಂಜರಿಯುವುದುಂಟೆಂದು ಪ್ರಯೋಗಗಳು ತೋರಿಸಿವೆ, ನಿಜ. ಆದರೆ ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್, ಕೇಪ್‌ಟೌನ್ ನಗರಗಳ ಬೀದಿಗಳಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಸಿಕ್ಕ 219 ಜಗಳಗಳನ್ನು ಸಂಶೋಧಕರು ಒಂದೊಂದಾಗಿ ನೋಡಿದಾಗ, ಹತ್ತರಲ್ಲಿ ಒಂಬತ್ತರಲ್ಲಿ ಕನಿಷ್ಠ ಒಬ್ಬ ದಾರಿಹೋಕನಾದರೂ ಮಧ್ಯೆ ಬಂದಿದ್ದನು. ನೋಡುವವರು ಹೆಚ್ಚಿದಷ್ಟೂ ಯಾರಾದರೊಬ್ಬರು ನೆರವಿಗೆ ಬರುವ ಸಂಭವವೂ ಹೆಚ್ಚಾಗಿತ್ತು.

ನಮ್ಮಲ್ಲಿ ಜನರನ್ನು ತಡೆಯುವುದು ನಿರ್ದಯತೆಯಲ್ಲ, ಭಯ. ಅಪಘಾತದ ಗಾಯಾಳುವನ್ನು ಮುಟ್ಟಿದರೆ ಠಾಣೆ, ಕೋರ್ಟು ಎಂದು ಅಲೆಯಬೇಕಾದೀತೆಂಬ ಮಾತು ಇಂದಿಗೂ ಮನೆಮನೆಯಲ್ಲಿದೆ. ಅದು ಈಗ ನಿಜವಲ್ಲ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ನೆರವಿತ್ತವರ ರಕ್ಷಣೆಯ ಮಾರ್ಗಸೂಚಿಗಳಿಗೆ ಬಲ ಕೊಟ್ಟಿತು. ಕರ್ನಾಟಕವು ಇದಕ್ಕಾಗಿ ತನ್ನದೇ ಕಾಯಿದೆಯನ್ನು ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಪ್ರಕರಣ ಸೇರಿತು. ಸದುದ್ದೇಶದಿಂದ ನೆರವಿಗೆ ಬಂದವರ ಮೇಲೆ, ಗಾಯಾಳುವು ಮೃತನಾದರೂ, ಮೊಕದ್ದಮೆ ಹೂಡುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗುವುದೂ ಬಿಡುವುದೂ ನಿಮ್ಮ ಇಚ್ಛೆ. ಆದುದರಿಂದ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ರಸ್ತೆಯಲ್ಲಿ ಬಿದ್ದವರನ್ನು ಕಂಡರೆ ವಾಹನ ನಿಲ್ಲಿಸಿ, 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಜೊತೆಯಲ್ಲಿರಿ, ಈ ಕಾನೂನಿನ ವಿಷಯವನ್ನು ನಿಮ್ಮ ಮನೆಯವರಿಗೂ ತಿಳಿಸಿ.